ಒಂದೇ ಮೀಟರಿನ ಓರಗಿತ್ತಿಯರು

ಮಹಡಿಯ ಬಚ್ಚಲಲ್ಲಿ ನೀರು ಬಿದ್ದ ಸದ್ದು ಕೇಳಿದರೆ ಸಾಕು, ಕೆಳಮನೆಯ ಟೈಲರಮ್ಮನಿಗೆ ಮೈಯೆಲ್ಲ ಉರಿ. "ಮಹಾರಾಣಿಯವರ ಬಿಸಿನೀರಿನ ಸ್ನಾನ ಶುರುವಾಯ್ತು!" ಮಹಾರಾಣಿ ಎಂದರೆ ಮೈದುನನ ಹೆಂಡತಿ. ಮಾವ ಬಿಟ್ಟುಹೋದ ಮನೆಯನ್ನು ಅಣ್ಣತಮ್ಮಂದಿರು ಮೇಲೊಂದು ಕೆಳಗೊಂದು ಪಾಲು ಮಾಡಿಕೊಂಡಿದ್ದರು. ಒಲೆ ಎರಡಾಗಿತ್ತು, ಕರೆಂಟಿನ ಮೀಟರು ಮಾತ್ರ ಒಂದೇ. ಬಿಲ್ಲು ಸಮಪಾಲು. ಹೆಚ್ಚು ಉರಿಸಿದಷ್ಟೂ ಯೂನಿಟ್ಟಿನ ದರ ಏರುವುದು ವಿದ್ಯುತ್ ಇಲಾಖೆಯ ನಿಯಮ. ಎರಡು ಸಂಸಾರ ಒಂದೇ ಮನೆಯ ಲೆಕ್ಕಕ್ಕೆ ಬಿದ್ದ ಮೇಲೆ ಏರದೆ ಇನ್ನೇನಾದೀತು? ಆದರೆ ಟೈಲರಮ್ಮನ ಕಣ್ಣು ಕುಕ್ಕುತ್ತಿದ್ದುದು ಇಲಾಖೆಯಲ್ಲ, ಮಹಡಿಯ ಗೀಸರು.

ಅವಳು ಹೊಲಿಗೆ ಮೆಷಿನ್ನಿನ ಮೋಟಾರು ಬಿಚ್ಚಿಟ್ಟು ಕಾಲಲ್ಲೇ ತುಳಿಯತೊಡಗಿದಳು. ಮಂಡಿ ಊದಿಕೊಂಡಿತು, ಬಿಲ್ಲು ಮಾತ್ರ ಜಗ್ಗಲಿಲ್ಲ.

"ನಾನು ಉಳಿಸಿದ್ದನ್ನೆಲ್ಲ ಅವಳು ಮೈಮೇಲೆ ಸುರ್ಕೋತಾಳೆ," ಎಂದು ಗಂಡನ ಮುಂದೆ ಹಲ್ಲು ಕಡಿದಳು.

"ಹೋಗ್ಲಿ ಬಿಡೇ," ಎಂದ ಗಂಡ. ಆ ಮನುಷ್ಯನಿಗೆ ಗೊತ್ತಿದ್ದುದೇ ಅದೊಂದು ಮಾತು.

ಕರೆಂಟಿನ ದರದ ಬಗ್ಗೆ ಜನರ ಅಹವಾಲು ಕೇಳುವ ಸಭೆ ಕರೆದಾಗ ಟೈಲರಮ್ಮ ಕುಂಟಿಕೊಂಡೇ ಹೋದಳು. "ದೊಡ್ಡ ಬಂಗಲೇಲಿ ಇಬ್ಬರೇ ಇದ್ರೆ ಅವರಿಗೆ ಅಗ್ಗ, ಗೂಡಿನಂಥ ಮನೇಲಿ ಒಂಬತ್ತು ಜನ ಇದ್ರೆ ನಮಗೆ ದುಬಾರಿ. ಇದ್ಯಾವ ನ್ಯಾಯ ಸಾರ್? ಎಷ್ಟು ಒಲೆ ಇದ್ಯೋ ಅಷ್ಟು ಮನೆ ಅಂತ ಎಣ್ಸಿ!" ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಬಡವರ ಪರ ಎಷ್ಟು ಚೆನ್ನಾಗಿ ಮಾತಾಡಿದಳು ಎಂದು ಎಲ್ಲರೂ ಹೊಗಳಿದರು. ಅವಳು ಮಾತಾಡಿದ್ದು ಬೇರೆ ಮೀಟರು ಹಾಕಿಸಿ ಓರಗಿತ್ತಿಯ ಬಣ್ಣ ಬಯಲು ಮಾಡಲು ಎನ್ನುವುದು ಅವಳಿಗಷ್ಟೇ ಗೊತ್ತಿತ್ತು.

ಮಾತು ನಾಟಿತು. ಒಲೆಗೊಂದು ಮೀಟರು, ಪ್ರತಿ ಮೀಟರಿಗೂ ಅಗ್ಗದ ದರದಿಂದಲೇ ಲೆಕ್ಕ ಶುರು ಎಂದು ಆದೇಶವಾಯಿತು. ಬೇರೆ ಮೀಟರಿನ ಮೊದಲ ಬಿಲ್ಲು ಹಳೆಯ ಪಾಲಿನ ಅರ್ಧಕ್ಕಿಂತ ಕೆಳಗಿಳಿದಿತ್ತು. ಆದರೂ ಟೈಲರಮ್ಮನಿಗೆ ಸಮಾಧಾನವಿಲ್ಲ. ಓರಗಿತ್ತಿಯ ದೊಡ್ಡ ಬಿಲ್ಲನ್ನು ಕಣ್ಣಾರೆ ಕಂಡು ಹೊಟ್ಟೆ ತಣ್ಣಗೆ ಮಾಡಿಕೊಳ್ಳೋಣವೆಂದು ಮಹಡಿ ಹತ್ತಿದಳು. ನೋಡಿದರೆ ಅದು ಇವಳದಕ್ಕಿಂತಲೂ ಕಡಿಮೆ!

"ಮತ್ತೆ ನಿನ್ನ ಗೀಸರು?"

"ಅದನ್ನ ಆಫ್ ಮಾಡಿ ಎರಡು ಚಳಿಗಾಲ ಆಯ್ತಕ್ಕಾ," ಎಂದಳು ಓರಗಿತ್ತಿ, ತಲೆ ತಗ್ಗಿಸಿ. "ನಿಮ್ಮ ಹೊಲಿಗೆ ಸದ್ದು ಕೇಳಿದಾಗೆಲ್ಲ, ನಮ್ಮ ದುಡ್ಡಲ್ಲಿ ಮೋಟಾರು ಓಡಿಸ್ತಾರೆ ಅಂತ ನಂಗೆ ಹೊಟ್ಟೆ ಉರಿ. ಬಿಲ್ಲು ಇಳೀಲಿ ಅಂತ ನಾನೂ ಮಕ್ಕಳೂ ತಣ್ಣೀರೇ ಹುಯ್ಕೊಂಡ್ವಿ."

ಟೈಲರಮ್ಮ ತನ್ನ ಊದಿದ ಮಂಡಿ ತೋರಿಸಲೆಂದು ಎತ್ತಿದ್ದ ಸೀರೆಯನ್ನು ಹಾಗೇ ಕೆಳಗಿಳಿಸಿದಳು. ಚಳಿಗಾಲದ ತಣ್ಣೀರಿನ ಮುಂದೆ ಮಂಡಿನೋವು ಏನು ಮಹಾ? ಕಷ್ಟಪಡುವುದರಲ್ಲೂ ಓರಗಿತ್ತಿಯದೇ ಒಂದು ಕೈ ಮೇಲಾಯಿತಲ್ಲ ಎಂದು ಅವಳ ಹೊಟ್ಟೆ ಮತ್ತೆ ಧಗಧಗ ಉರಿಯಿತು.