ರಾಹುಕಾಲ ಕಳೆಯುವವರೆಗೆ ಸುತ್ತಿದ ಕಾರು

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಪಕ್ಕದ ಮನೆಯವರ ಹತ್ತಿರ ಮೂತಿಯ ಮೇಲೆ ಬೆಳ್ಳಿ ನಕ್ಷತ್ರವಿದ್ದ ಹಳೆಯ ಜರ್ಮನ್ ಕಾರಿತ್ತು. ಹಡಗಿನಲ್ಲಿ ಬಂದು, ಕಾಫಿ ತೋಟದ ಸಾಹುಕಾರರೊಬ್ಬರ ಮನೆಯಲ್ಲಿದ್ದು, ಕೊನೆಗೆ ಇವರ ಕೈ ಸೇರಿತ್ತು. ಸಣ್ಣ ಸಾಮಾನು ಕೆಟ್ಟರೂ ಬೊಂಬಾಯಿಯಿಂದ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಭಾನುವಾರ ಮಾತ್ರ ಅದನ್ನು ಹೊರಗೆ ತೆಗೆದು, ಪಂಚೆಯ ತುದಿಯಿಂದ ನಕ್ಷತ್ರ ಒರೆಸಿ, ಮತ್ತೆ ಹೊದಿಕೆ ಹಾಕುತ್ತಿದ್ದರು. ಮದುವೆಗೆ ಕಾರು ಕೇಳಿದವರಿಗೆಲ್ಲ ಒಂದೇ ಮಾತು: "ಅದಕ್ಕೆ ಆಯಾಸ ಆಗುತ್ತೆ ಮಾರಾಯ."

ಈಗ ಸ್ವತಃ ಕಾರು ಓಡಿಸುವಷ್ಟು ದೊಡ್ಡವಳಾಗಿರುವ ನನ್ನ ಮೊದಲ ಮೊಮ್ಮಗಳು ಶಿವಮೊಗ್ಗದ ಆಸ್ಪತ್ರೆಯಲ್ಲಿ ಹುಟ್ಟಿದಾಗ, ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಣಂತಿಯನ್ನೂ ಮಗುವನ್ನೂ ಕರೆತರಲು ಪಕ್ಕದ ಮನೆಯವರನ್ನೇ ಕೇಳಿಬಿಟ್ಟೆ. ಅವರು ಕೀಲಿ ತೆಗೆದುಕೊಂಡು ಕಾರಿನ ಹೊದಿಕೆ ಸರಿಸಿದರು.

ಆಸ್ಪತ್ರೆಯಲ್ಲಿ ತಡವಾಗಿ, ಮನೆ ಮುಟ್ಟುವಾಗ ರಾಹುಕಾಲ ಶುರುವಾಗಿತ್ತು. ಮೊದಲ ಸಲ ಹೊಸಿಲು ದಾಟುವ ಕೂಸನ್ನು ಹೇಗೆ ಇಳಿಸಲಿ?

"ಮುಗಿಯೋ ತನಕ ಕಾರಲ್ಲೇ ಕೂತಿರ್ತೀವಿ" ಅಂದೆ.

ಕಾರು ನಿಂತದ್ದೇ ತಡ, ಸೀಟಿನ ಮೇಲೆ ಮಲಗಿದ್ದ ಮಗು ಅಳಲು ಶುರುಮಾಡಿತು.

"ನಿಮ್ಮ ಮೊಮ್ಮಗಳಿಗೆ ನಿಂತ ಕಾರು ಆಗಲ್ಲ ಕಣ್ರೀ" ಎಂದು ಅವರು ಮತ್ತೆ ಸ್ಟಾರ್ಟ್ ಮಾಡಿದರು.

"ಕಾರಿಗೆ ಆಯಾಸ ಆಗಲ್ವಾ?"

"ಸುಮ್ಮನಿರಿ ಮಾರಾಯ್ತಿ, ಮಗು ಮಲಗ್ತಾ ಇದೆ."

ರಾಹುಕಾಲ ಕಳೆಯುವವರೆಗೂ ನ್ಯೂ ಟೌನಿನ ಬೀದಿಬೀದಿ ಸುತ್ತಿದರು.

ಆರತಿ ಎತ್ತಿ ಮಗುವನ್ನು ಒಳಗೆ ಮಲಗಿಸಿ, ಅವರಿಗೆ ಪಾಯಸ ಕೊಡಲು ಹೊರಗೆ ಬಂದೆ. ಯಾವತ್ತೂ ಸ್ಟೀರಿಂಗ್ ಬಿಟ್ಟು ಕೂರದ ಮನುಷ್ಯ, ಹಿಂದಿನ ಸೀಟಿನಲ್ಲಿ, ಮಗು ಮಲಗಿದ್ದ ಜಾಗದ ಪಕ್ಕ ಕೂತಿದ್ದರು.

"ಇನ್ನೂ ಬೆಚ್ಚಗಿದೆ" ಅಂದರು, ಸೀಟಿನ ಮೇಲಿಂದ ಕೈ ತೆಗೆಯದೆ.