ಆ ಅಂಗಳದ ಹತ್ತಿ, ನನ್ನ ಲಾರಿಯ ಹೊಗೆ

ಈ ಮಾತನ್ನು ಮುಂದಕ್ಕೆ ಹಾಕುತ್ತ ಹಾಕುತ್ತ, ಇನ್ನು ಮುಂದಕ್ಕೆ ಹಾಕಲು ಹೆಚ್ಚು ಜಾಗವಿಲ್ಲದ ವಯಸ್ಸಿಗೆ ಬಂದು ನಿಂತಿದ್ದೇನೆ. ಗೆಳೆಯರೇ, ನನ್ನನ್ನು ಇವತ್ತು ಬರೆಯಲು ಕೂರಿಸಿದ್ದು ಪಶ್ಚಾತ್ತಾಪ ಎಂದುಬಿಟ್ಟರೆ ಅದೂ ಒಂದು ಜಂಬವಾದೀತು. ಕೂರಿಸಿದ್ದು ನನ್ನ ಹಾಸಿಗೆ. ಹಳೆಯ ಹತ್ತಿ ಗಂಟುಕಟ್ಟಿ, ಯಾವ ಮಗ್ಗುಲಿಗೆ ಹೊರಳಿದರೂ ಬೆನ್ನಿಗೆ ಒತ್ತುತ್ತಿತ್ತು. “ಹೊಳಲ್ಕೆರೆ ದಿಬ್ಬದ ಹತ್ರ ಹತ್ತಿ ಹಿಂಜಿ ಕೊಡ್ತಾರಂತೆ, ಹೊತ್ಕಂಡು ಹೋಗ್ರಿ” ಎಂದಳು ನನ್ನ ಹೆಂಡತಿ. ಆ ದಿಬ್ಬದ ಹೆಸರು ಕಿವಿಗೆ ಬಿದ್ದದ್ದೇ ತಡ, ಬೆನ್ನಿಗೆ ಒತ್ತುತ್ತಿದ್ದದ್ದು ಬರೀ ಹತ್ತಿಯ ಗಂಟಲ್ಲ ಎನ್ನಿಸಿತು.

ಎಸ್ಸೆಸ್ಸೆಲ್ಸಿ ಮುಗಿಸಿ ಸ್ಟೇರಿಂಗು ಹಿಡಿದವನು ನಾನು. ಹೊಸದುರ್ಗದ ಕಡೆಯ ಗಣಿಯಿಂದ ಅದಿರು ತುಂಬಿಕೊಂಡು, ಹೊಳಲ್ಕೆರೆ ಹಾದು, ಚಿತ್ರದುರ್ಗದ ಹೆದ್ದಾರಿಗೆ ಸೇರುವುದು ನನ್ನ ದಿನಚರಿ. ಆ ಕಾಲದಲ್ಲಿ ನಮಗೆ ಹೊಗೆಯೇ ಮೀಸೆ. ದಿಬ್ಬ ಏರುವಾಗ ಯಾರ ಲಾರಿ ಕಪ್ಪಗೆ ಉಗುಳುತ್ತದೋ ಅವನೇ ಗಂಡಸು! ಅದಕ್ಕಾಗಿ ಮೆಕ್ಯಾನಿಕ್ಕನಿಗೆ ದುಂಬಾಲುಬಿದ್ದು ಪಂಪು ತಿರುಗಿಸಿ, ಬೇಕಾದದ್ದಕ್ಕಿಂತ ಹೆಚ್ಚು ಡೀಸೆಲ್ ಇಂಜಿನ್ನಿಗೆ ಕುಡಿಸುತ್ತಿದ್ದೆವು; ಹಿರಿಯೂರಿನ ಡಾಬಾದಲ್ಲಿ ಕುಳಿತು ಅದನ್ನೇ ಹೊಗಳಿಕೊಳ್ಳುತ್ತಿದ್ದೆವು. ಹೊಗೆಗೂ ಹೊಗಳಿಕೆಗೂ ಅಷ್ಟು ಹತ್ತಿರದ ನಂಟಿದೆಯೆಂದು ನನಗೆ ಅಲ್ಲೇ ತಿಳಿದದ್ದು.

ಆ ದಿಬ್ಬದ ಪಕ್ಕದಲ್ಲೊಂದು ಮನೆ. ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುವ ಸಾಬರ ಕುಟುಂಬ. ಬೇವಿನ ನೆರಳಿನಲ್ಲಿ ಮನೆಯೊಡತಿ ಹತ್ತಿಯನ್ನು ಹಿಂಜಿ ಹಿಂಜಿ, ಅಂಗಳದ ತುಂಬ ಮೋಡವನ್ನೇ ಇಳಿಸಿಬಿಡುತ್ತಿದ್ದರು. ನಾವು ಲಾರಿಯವರು ಅವರ ಹೆಸರು ಕೇಳಿದವರಲ್ಲ. ಬುರ್ಖಾ ಹಾಕಿದ ಹೆಂಗಸರೆಲ್ಲ ನಮಗೆ ‘ಬೂಬಮ್ಮ’, ಅವರೂ ಬೂಬಮ್ಮ.

ಒಂದು ದಿನ, ಮದುವೆಯ ಹಾಸಿಗೆಗೆಂದು ಹಿಂಜಿಟ್ಟ ಹತ್ತಿ ಬಿಸಿಲಿಗೆ ಹರಡಿತ್ತು. ಪಕ್ಕದಲ್ಲಿದ್ದ ಕ್ಲೀನರನನ್ನು ನಗಿಸುವ ಉಮೇದಿನಲ್ಲಿ, ಅಲ್ಲಿಗೆ ಬಂದಾಗ ಬೇಕಂತಲೇ ಆಕ್ಸಿಲರೇಟರು ಒತ್ತಿದೆ. ಕಪ್ಪು ಹೊಗೆ ಅಂಗಳಕ್ಕೆ ಕವುಚಿ ಬಿತ್ತು. ಮನೆಯೊಡತಿ ಓಡಿಬಂದು ಲಾರಿಗೆ ಅಡ್ಡ ನಿಂತರು.

“ಏನಪ್ಪ, ಕಣ್ಣು ಕಾಣಲ್ವ? ಲಗ್ನದ ಹತ್ತಿ ಐತೆ ಇದು!”

ನಾನು ಕಿಟಕಿಯಿಂದ ತಲೆ ಹೊರಹಾಕಿ, “ಇಷ್ಟು ಬೆಳ್ಳಗೆ ಐತಲ್ಲ ಬೂಬಮ್ಮ, ಯಾರ ಕಣ್ಣಾದ್ರೂ ಬಿದ್ದೀತು ಅಂತ ದೃಷ್ಟಿಬೊಟ್ಟು ಇಟ್ಟೆ!” ಎಂದೆ. ಕ್ಲೀನರು ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಂದಿನ ಲಾರಿಯವರೂ ನಕ್ಕರು. ಆ ಮನೆಯೊಡತಿ ಮಾತ್ರ ಒಂದು ಹಿಡಿ ಕಪ್ಪು ಹತ್ತಿಯನ್ನು ಎತ್ತಿ ನೋಡಿ, ಪಕ್ಕಕ್ಕೆ ಸರಿದರು. ಕೆಲವು ದಿನಗಳಲ್ಲೇ ಅಂಗಳ ಬರಿದಾಯಿತು. ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಹಿಂಜುತ್ತಾರಂತೆ, ಹತ್ತಿಯ ಧೂಳು ಕುಡಿದು ಕುಡಿದು ಕೆಮ್ಮುತ್ತಾರಂತೆ ಎಂದು ಆ ಕ್ಲೀನರೇ ಹೇಳಿದ. ನಾನು ಹಾಡು ಗಟ್ಟಿ ಮಾಡಿಕೊಂಡು ಲಾರಿ ಓಡಿಸಿದೆ.

ವರ್ಷಗಳು ಕಳೆದು, ನನ್ನ ಕೂದಲು ಆ ಹತ್ತಿಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ಸರ್ಕಾರದವರು ಬಿಗಿಯಾದರು. ರಸ್ತೆಯಲ್ಲಿ ಲಾರಿ ನಿಲ್ಲಿಸಿ ಹೊಗೆ ತಪಾಸಣೆ. ನನ್ನ ಸೈಲೆನ್ಸರಿಗೆ ಯಂತ್ರದ ಕೊಳವೆ ತುರುಕಿದ ಇನ್‌ಸ್ಪೆಕ್ಟರು ಮೂಗು ಮುಚ್ಚಿಕೊಂಡು, “ಯಜಮಾನ್ರೇ, ಇದು ಲಾರಿನೋ ಇಟ್ಟಿಗೆ ಗೂಡೋ?” ಎಂದರು.

“ಹೊಗೆ ಬಿಡ್ದೆ ಓಡಾಕೆ ಇದೇನು ಎತ್ತಿನ ಗಾಡಿನೇನ್ರಿ ಸಾಹೇಬ್ರೆ?”

“ಎತ್ತೂ ಇಷ್ಟೊಂದು ಬಿಡಲ್ಲ ಕಣ್ರಿ!”

ಬೈದುಕೊಂಡೇ ಪಂಪು ಸರಿಮಾಡಿಸಿದೆ. ಮಾರನೆಯ ದಿನ ಅದೇ ಹೊರೆ, ಅದೇ ದಿಬ್ಬ. ಲಾರಿ ತಣ್ಣಗೆ ಏರಿತು. ನನಗೆ ಬೆವರು ಬಂತು. ಹಾಗಾದರೆ ಇಷ್ಟು ವರ್ಷ ನಾನು ಬಿಟ್ಟ ಹೊಗೆ ಲಾರಿಗೆ ಬೇಕಾಗಿರಲೇ ಇಲ್ಲ, ಬೇಕಾಗಿದ್ದದ್ದು ನನಗೆ. ಆಮೇಲೆ ಅದಿರಿನ ಮೇಲೆ ಟಾರ್ಪಾಲು ಕಡ್ಡಾಯವಾಯಿತು, ರಸ್ತೆಗೆ ಟ್ಯಾಂಕರು ನೀರು ಚಿಮುಕಿಸತೊಡಗಿತು, ಲಾರಿಗಳ ಸಾಲು ಕರಗಿ ಅದಿರು ಗೂಡ್ಸ್ ರೈಲಿನಲ್ಲಿ ಹೋಗತೊಡಗಿತು. ಇದನ್ನೆಲ್ಲ ನಮ್ಮ ಹೊಟ್ಟೆಯ ಮೇಲೆ ಹೊಡೆಯುವ ಕಾನೂನೆಂದು ಬೈದವರಲ್ಲಿ ನನ್ನ ದನಿಯೇ ಜೋರಾಗಿತ್ತು.

ನಿನ್ನೆ ಹಾಸಿಗೆ ಹೊತ್ತು ದಿಬ್ಬದಲ್ಲಿ ಆಟೋ ಇಳಿದವನು ಬೆರಗಾಗಿ ನಿಂತುಬಿಟ್ಟೆ. ಅದಿರು ರೈಲು ಹತ್ತಿತ್ತು, ಹತ್ತಿ ಅಂಗಳಕ್ಕೆ ಇಳಿದಿತ್ತು! ಬೇವಿನ ಎಲೆಗಳು ಹಸಿರಾಗಿದ್ದವು. ಸದಾ ಧೂಳು ಮೆತ್ತಿಕೊಂಡಿರುತ್ತಿದ್ದ ಆ ಮರಕ್ಕೆ ಹಸಿರು ಬಣ್ಣವಿದೆ ಎಂಬುದನ್ನೇ ನಾನು ಅದುವರೆಗೆ ನೋಡಿರಲಿಲ್ಲ. ಆ ಮನೆಯ ಸೊಸೆ ಯಂತ್ರದಲ್ಲಿ ಹತ್ತಿ ಹಿಂಜುತ್ತಿದ್ದಳು. ಈಗ ಮುದುಕಿಯಾಗಿದ್ದ ಆ ಮನೆಯೊಡತಿ ಬಿಳಿ ರಾಶಿಯ ನಡುವೆ ರಾಣಿಯಂತೆ ಕುಳಿತಿದ್ದರು.

“ದೂರ ನಿಂತ್ಕಂಡು ಏನ್ ನೋಡ್ತೀರಿ? ಬರ್ರಿ, ಕುಂತ್ಕಳ್ರಿ” ಎಂದವರು ನನ್ನ ಹಾಸಿಗೆಯನ್ನು ಗುದ್ದಿ ನೋಡಿ, “ಇದ್ರಾಗೆ ಹತ್ತಿ ಐತೋ, ಅದಿರು ತುಂಬ್ಸಿದೀರೋ?” ಎಂದು ನಕ್ಕರು. ಒಂದು ಕೆಮ್ಮೂ ಬೆರೆಯದ ನಗು. ನನಗೂ ನಗು ಉಕ್ಕಿತು, ಅದರ ಬೆನ್ನಿಗೇ ಕಣ್ಣೀರು.

“ಮೊದ್ಲು ಲಾರಿ ಹೊಗೆಗೆ ಇಲ್ಲಿ ಕುಂತ್ಕಳಾಕೇ ಆಗ್ತಿರ್ಲಿಲ್ಲ ನೋಡ್ರಿ. ಒಬ್ಬ ಡ್ರೈವರ್ ಇದ್ದ, ಭಾರಿ ಮಾತಿನ ಮಲ್ಲ. ಎಲ್ಲಿದಾನೋ ಪಾಪ, ಚೆನ್ನಾಗಿರ್ಲಿ.”

‘ಅವನು ನಾನೇ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಇಷ್ಟು ಸುಖವಾದ ನಗುವಿನ ನಡುವೆ ಆ ಕಪ್ಪನ್ನು ಯಾಕೆ ತರಲಿ ಎಂದುಕೊಂಡು ನುಂಗಿದೆ. ಅದೂ ಒಂದು ನೆವ, ನನಗೆ ಗೊತ್ತು. ಹೊರಟಾಗ ಅವರೇ, “ನಾಳಿದ್ದು ಬರ್ರಿ. ಯಾರಿದ್ರೂ ನನ್ ಹೆಸ್ರು ಹೇಳ್ರಿ, ಕೊಡ್ತಾರೆ” ಎಂದು ಹೆಸರು ಹೇಳಿದರು.

ಆ ನಾಳಿದ್ದು ನಾಳೆಗೆ ಬಂದು ನಿಂತಿದೆ. ಬಾಯಿ ಮತ್ತೆ ಕೈಕೊಟ್ಟರೆ ಅವರಿಗೆ ಓದಿ ಹೇಳಲೆಂದೇ ಇದನ್ನು ಬರೆದಿಟ್ಟುಕೊಂಡಿದ್ದೇನೆ. ಅವರು ಬೈಯಲಿ, ಹಾಸಿಗೆಯನ್ನು ರಸ್ತೆಗೆ ಎಸೆಯಲಿ. ಆ ಅಂಗಳದಲ್ಲಿ ಈಗ ಜೋರಾಗಿ ಬೈಯುವಷ್ಟು ಒಳ್ಳೆಯ ಗಾಳಿಯಿದೆ ಎಂಬುದೇ ನನಗೆ ಹಬ್ಬ. ತಪ್ಪಾಯಿತು ಎಂಬ ಮಾತಿಗೆ ಮೊದಲು, ಇಷ್ಟು ವರ್ಷ ಕೇಳದೇ ಹೋದ ಆ ಹೆಸರು ಹಿಡಿದು ಕರೆಯಬೇಕು: ಇಮಾಂಬಿ.