ಎಡಚಿಯ ಮೌಸ್

ಗೇಮ್ ಆಡುವವರಿಗೆ ಮೌಸ್, ಕೀಬೋರ್ಡ್ ತಯಾರಿಸುವ ಕಂಪನಿಯಲ್ಲಿ ಅವಳದು ಮೌಸ್ ಪರೀಕ್ಷಿಸುವ ಕೆಲಸ. ಎಲ್ಲರ ಬಾಯಲ್ಲೂ ಅವಳು ಎಡಚಿ. ಬಲಗೈಯವರ ಮೌಸ್ ಹಿಡಿದು ಹಿಡಿದು ಸಾಕಾಗಿ, ಮೂರು ತಿಂಗಳು ಜೇಡಿಮಣ್ಣು ತಿದ್ದಿ ಎಡಗೈಗೆ ಒಪ್ಪುವ ಮಾದರಿಯೊಂದನ್ನು ಮಾಡಿದಳು. ಅಲ್ಲೇ ವಿನ್ಯಾಸ ವಿಭಾಗ ನೋಡಿಕೊಳ್ಳುತ್ತಿದ್ದ ಅಕ್ಕನ ಗಂಡನ ಕೈಗೆ ಅದನ್ನು ಕೊಟ್ಟಳು. "ಮೇಲಿನವ್ರಿಗೆ ತೋರಿಸ್ತೀನಿ" ಎಂದಿದ್ದ.

ಆ ಮೌಸ್ ಬಿಡುಗಡೆಯಾದ ದಿನ ಭಾವ ವೇದಿಕೆ ಹತ್ತಿ, ಇದು ತನ್ನದೇ ಕಲ್ಪನೆ ಎಂದುಬಿಟ್ಟ. ಕೇಳಿದರೆ ನಕ್ಕ. "ಒಂದೇ ಮನೆಯವ್ರಲ್ವಾ, ಯಾರ ಹೆಸರಾದ್ರೇನು?"

"ಹಾಗಾದ್ರೆ ನನ್ನ ಹೆಸರೇ ಹೇಳ್ಬಹುದಿತ್ತಲ್ಲ, ಭಾವ?"

ಅವನು ಮೆಲ್ಲಗೆ ಜಾಗ ಖಾಲಿ ಮಾಡಿದ.

ಸಂಕಟ ತಾಳಲಾರದೆ ಅಕ್ಕನ ಬಳಿ ಓಡಿದಳು. ಅಕ್ಕ ತಲೆ ಎತ್ತಲಿಲ್ಲ. "ನಂಗೆ ಮೊದಲೇ ಗೊತ್ತಿತ್ತು ಕಣೇ. ಅವ್ರಿಗೆ ಬಡ್ತಿ ಸಿಗ್ಲಿ ಅಂತ ಸುಮ್ನಿದ್ದೆ."

ಭಾವನ ಮೋಸ ಹೇಗೋ ನುಂಗಿಕೊಂಡಾಳು, ಇದು ಗಂಟಲಲ್ಲಿ ಇಳಿಯಲಿಲ್ಲ. ಆ ವಾರವೇ ಕೆಲಸ ಬಿಟ್ಟಳು. ಅಕ್ಕನ ಮನೆಯ ಮೆಟ್ಟಿಲನ್ನೂ ಮತ್ತೆ ತುಳಿಯಲಿಲ್ಲ.